ನಾಲ್ಕನೇ ಬಾಟಲಿ

ಸಾಕ್ಷಿಗೆ ಯಾರೂ ಬರಲಿಲ್ಲ. ಚೌಕಿಪೇಟೆಯಲ್ಲಿ
ಸಾಕ್ಷಿ ಅಂದರೆ ಕೋರ್ಟು, ಕೋರ್ಟು ಅಂದರೆ ಅರ್ಧ ದಿನದ ವ್ಯಾಪಾರ.
ಬೆಳ್ಳಿ ಅಂಗಡಿಯವನು ಫೋನು ಕಿವಿಗೊತ್ತಿಕೊಂಡ,
ಪಾತ್ರೆಯವನು ಒಳಗೆ ಹೋದವನು ಒಳಗೇ ಉಳಿದ.
ನಾನು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು
ಯಾರದೋ ಮದುವೆಯ ಎಚ್ಎಂಟಿ ಬಿಚ್ಚಿಕೊಂಡು ಕೂತಿದ್ದೆ,
ಏಳುವಷ್ಟರಲ್ಲಿ ಸಿಕ್ಕಿಬಿದ್ದೆ.
"ಹೆಸರು?"
"ಖಲಂದರ್. ವಾಚ್ ರಿಪೇರಿ."

ಹಾಲಮ್ಮನ ಬಾಂಡಲಿ ಪಕ್ಕದ ಹದಿನೈದು ಕೇಜಿ ಡಬ್ಬಿಯಿಂದ
ದಾಕ್ಷಾಯಣಿ ಮೇಡಂ ಎಣ್ಣೆ ಬಗ್ಗಿಸಿದರು:
ನಾಲ್ಕು ಬಾಟಲಿ, ನಾಲ್ಕಕ್ಕೂ ಒಂದೇ ಮಟ್ಟ.
ದುಡ್ಡು ಎಣಿಸಿ ಕೊಟ್ಟು ರಸೀದಿ ಬರೆಸಿಕೊಂಡರು.
("ಸರಕಾರ ಉದ್ರಿ ಹೇಳಲಿಲ್ಲ ನೋಡು" ಎಂದು ಹಾಲಮ್ಮ ನಕ್ಕಳು,
ನಗು ಅರ್ಧಕ್ಕೆ ನಿಂತಿತು.)
ದಾರ, ಕಾಗದ, ಅರಗು.
ಮೇಣದಬತ್ತಿಗೆ ಅರಗು ಕರಗಿ
ಮಿರ್ಚಿಯ ಘಮವನ್ನು ಒಂದು ಗಳಿಗೆ ಸೋಲಿಸಿತು.
ಹಾಲಮ್ಮನ ಹೆಬ್ಬೆಟ್ಟು
ಅರ್ಧ ಚೀಟಿಯ ಮೇಲೆ, ಅರ್ಧ ಹೊದಿಕೆಯ ಮೇಲೆ.
ಬಿಚ್ಚಿದವನ ಕೈಯಲ್ಲಿ ಬೆರಳು ಎರಡಾಗಬೇಕು; ಅದು ಕಾನೂನು.

"ಯಾವ ಎಣ್ಣೆ?"
"ಹತ್ತಿಕಾಳಿಂದು ಕಣ್ರೀ. ಅಗ್ಗ. ವಾಸ್ನೆ ಇಲ್ಲ."

ಹತ್ತಿ ಅಂದದ್ದೇ ತಡ, ನನಗೆ ಮಿಲ್ಲಿನ ಸೈರನ್ನು ಕೇಳಿತು.
ಅಪ್ಪ ಅದಕ್ಕೇ ಗಡಿಯಾರ ತಿರುಗಿಸಿಕೊಳ್ಳುತ್ತಿದ್ದ,
ಕೂದಲ ತುಂಬ ಅರಳೆ ಹೊತ್ತು ಮನೆಗೆ ಬರುತ್ತಿದ್ದ.
ಸೈರನ್ನು ಹೋಯಿತು. ಉಟ್ಟ ಹತ್ತಿಯನ್ನೇ ಈಗ ಉಣ್ಣುತ್ತೇವೆ
ಸಂಜೆ ಆರರ ಮೇಲೆ, ಮಂಡಕ್ಕಿ ಜೊತೆ, ಈರುಳ್ಳಿ ಉದುರಿಸಿ.

ಪೇಪರಿನಲ್ಲಿ ಓದಿದ್ದು ಬಾಯಿಗೆ ಬಂತು:
"ಈ ಹತ್ತಿಗೆ ಮಣ್ಣಿನ ಸೂಕ್ಷ್ಮಾಣುವಿನ ಗುಣ ಸೇರಿಸಿದ್ದಾರಂತೆ,
ಕಾಯಿಕೊರಕ ಸಾಯಲಿ ಅಂತ. ಅದನ್ನೂ ನೋಡ್ತೀರಾ?"

ಮೇಡಂ ಸೀಲು ಒತ್ತಿದರು, ಊದಿದರು, ಆಮೇಲೆ ಮಾತಾಡಿದರು:
"ಕಾಸಿ ಸೋಸಿದ ಎಣ್ಣೇಲಿ ಅದರ ಗುರುತು ಉಳಿಯೋದು ಕಷ್ಟ ಅಂತಾರೆ.
ಬೀಜಕ್ಕೆ ಹೂಂ ಅನ್ನೋದು ದಿಲ್ಲಿಯ ಸಮಿತಿ.
ನನ್ನ ಫಾರಮಿನಲ್ಲಿ ಅದಕ್ಕೆ ಕಾಲಮ್ಮೇ ಇಲ್ಲ.
ಇದ್ದಿದ್ರೂ ಲ್ಯಾಬಿನವರು 'ಪತ್ತೆಯಾಗಿಲ್ಲ' ಅಂತ ಬರೀತಾರೆ,
'ಇಲ್ಲ' ಅಂತ ಬರೆಯಲ್ಲ. ಎರಡೂ ಬೇರೆ."

ಎರಡೂ ಬೇರೆ.
ಆ ರಾತ್ರಿ ಷಟರ್ ಎಳೆಯುವಾಗ ಆ ಮಾತೂ ಒಳಗೇ ಉಳಿಯಿತು.

ರಿಪೇರಿಯಾದ ಗೋಡೆ ಗಡಿಯಾರವನ್ನು ನಾನು ಅವತ್ತೇ ಕೊಡುವವನಲ್ಲ.
ಮೂರು ದಿನ ನನ್ನ ಮೊಳೆಗೆ ತೂಗುಹಾಕುತ್ತೇನೆ,
ಗಿರಾಕಿ ಬೈದರೂ. ಒಂದು ಹಗಲು ನಡೆದದ್ದು ನಡಿಗೆಯಲ್ಲ;
ಎರಡನೇ ರಾತ್ರಿ ಹಲ್ಲು ಜಾರುವ ಚಕ್ರಗಳನ್ನು ಬಲ್ಲೆ.
ಹೊಸ ಬೀಜವನ್ನು ಇಲಿಗಳಿಗೆ ತೊಂಬತ್ತು ದಿನ ತಿನ್ನಿಸಿ ನೋಡುತ್ತಾರಂತೆ.
ತೊಂಬತ್ತು ಕಡಿಮೆಯೋ, ಧಾರಾಳವೋ,
ಮಸೂರದಲ್ಲಿ ಕಾಣುವುದಕ್ಕಷ್ಟೇ ನಾನು ಬಾಯಿ ಹಾಕುವವನು.
ಕೇಳುವುದು ಇಷ್ಟೇ:
ಆ ಮೊಳೆ ಯಾರ ಗೋಡೆಯಲ್ಲಿದೆ?
ಗಡಿಯಾರ ಮಾರುವವನ ಗೋಡೆಯಲ್ಲೇ ಇದ್ದರೆ
ಮೂರು ದಿನ ಎಣಿಸಿದವರು ಯಾರು?

ಹದಿನೈದು ದಿನಕ್ಕೆ ವರದಿ ಬಂತು.
ಆಮ್ಲ ಸರಿ, ಅಯೋಡಿನ್ ಸರಿ, ಕಲಬೆರಕೆ ಇಲ್ಲ.
ಹಾಲಮ್ಮ ಅದಕ್ಕೆ ಪ್ಲಾಸ್ಟಿಕ್ ಹಾಕಿಸಿ
ದುಗ್ಗಮ್ಮನ ಪಟದ ಕೆಳಗೆ ಸಿಕ್ಕಿಸಿದಳು.
ಓದು ಬಾರದು. "ಪಾಸಾಗೀನಿ" ಅಂತ
ಮೂರನೇ ಕ್ಲಾಸಿನ ಮೊಮ್ಮಗಳಿಗೆ ಹೇಳಿ
ಅವಳ ಕೈಗೊಂದು ಬಿಸಿ ಮಿರ್ಚಿ ಇಟ್ಟಳು.
ನನಗೂ ಎರಡು.
ಯಾಕೆ ಸುಳ್ಳು, ಚೆನ್ನಾಗಿತ್ತು.
ಇನ್ನೊಂದು ಕೇಳಿದೆ.

ಒಂದು ಬಾಟಲಿ ಲ್ಯಾಬಿಗೆ ಹೋಯಿತು. ಉಳಿದವು
ಕಚೇರಿಯ ಕಪಾಟಿನಲ್ಲಿವೆ, ಯಾರೂ ಕೇಳದ ನಾಲ್ಕನೆಯದೂ.
ಮಾರ್ಗಶಿರದ ಚಳಿಗೆ ಹತ್ತಿಕಾಳೆಣ್ಣೆ ಮಬ್ಬುಗಟ್ಟುತ್ತದೆ,
ಬಿಸಿ ತಾಗಿದರೆ ಮತ್ತೆ ತಿಳಿ.
ಈ ಹೊತ್ತು ಯಾವುದಾಗಿದೆಯೋ,
ಹೊದಿಕೆಯ ಮೇಲಿಂದ ಕಾಣುವುದಿಲ್ಲ.
ಕಾಣುವುದು ಹಾಲಮ್ಮನ ಬೆರಳಿನ ಒಂದು ಪಾಲು,
ಅದರ ಪಕ್ಕ ಸಾಕ್ಷಿ ಎಂದು
ಗಡಿಬಿಡಿಯಲ್ಲಿ ಬರೆದ ನನ್ನ ಹೆಸರು.