ಹಲ್ಲಿಗಂಟಿದ ಸ್ವರ

ನಮ್ಮ ಶಾಲೆಯಲ್ಲಿ ಪಿಯಾನೊ ಇರಲಿಲ್ಲ.
ಕುದುರೆ ಮಾತ್ರ ಹತ್ತಬಲ್ಲ ದಾರಿಯಲ್ಲಿ
ಪಿಯಾನೊ ಹೊತ್ತು ತರುವ ಮೂರ್ಖ
ಲೆಸೊಥೊದಲ್ಲಿ ಇನ್ನೂ ಹುಟ್ಟಿಲ್ಲ ಎನ್ನುತ್ತಿದ್ದರು
ರಮೊಕ್ವಾತ್ಸಿ ಮೇಷ್ಟ್ರು.

ಅವರ ಕೋಟಿನ ಒಳಜೇಬಲ್ಲಿ ಇದ್ದದ್ದು
ಎರಡು ಕಾಲಿನ ಒಂದು ಉಕ್ಕಿನ ಕವೆ.
ಮಂಡಿಗೆ ಬಡಿದು ಕಿವಿಗೆ ಹಿಡಿದರೆ
ಸೊಳ್ಳೆಯಷ್ಟು ಸಣ್ಣಗೆ, ಸುಳ್ಳಾಡಲು ಬಾರದ
ಒಂದೇ ಸ್ವರ.
ಅದರ ಮೇಲೆ ನಾವು ನಲವತ್ತೊಂದು ಜನ
ದೊ, ರೆ, ಮಿ ಪೇರಿಸುತ್ತಿದ್ದೆವು,
ಕಲ್ಲಿನ ಮೇಲೆ ಕಲ್ಲಿಟ್ಟು ಕುರಿದೊಡ್ಡಿ ಕಟ್ಟುವವರ ಹಾಗೆ.

ಲೆಕ್ಕ ತಪ್ಪಿದರೆ ಬೆನ್ನಿಗೆ ಬೀಳುತ್ತಿದ್ದ ಕೋಲು
ಹಾಡಿನ ಹೊತ್ತಿಗೆ ಗೋಡೆಯ ಸ್ವರಪಟದ ಮೇಲೆ
ಹಲ್ಲಿಯಂತೆ ಸರಸರ ಏರಿ ಇಳಿಯುತ್ತಿತ್ತು.
ಅದೇ ಕೋಲೇ ಇದು?

ಶುಕ್ರವಾರ, ಚೆನ್ನಾಗಿ ಹಾಡಿದವರಿಗೆ ಬಹುಮಾನ:
ಮಿಡಿವ ಕವೆಯ ಬುಡವನ್ನು ಹಲ್ಲಿಗೆ ತಾಗಿಸಿಕೊಳ್ಳಬಹುದು.
ಅಯ್ಯೋ, ಅದನ್ನು ಹೇಗೆ ಹೇಳಲಿ!
ಬುರುಡೆಯೊಳಗೆಲ್ಲ ಜೇನು ಎದ್ದಂತೆ,
ಕಣ್ಣಗುಡ್ಡೆ ಜುಮ್ಮೆಂದು,
ಹಾಡುತ್ತಿರುವುದು ನಾನೋ ನನ್ನ ಎಲುಬೋ ತಿಳಿಯದಂತೆ.
ಮುಂದಿನ ಹಲ್ಲೆರಡು ಬಿದ್ದ ಮೊಸಿಯುವಾ
ದವಡೆಗೆ ಒತ್ತಿಕೊಂಡು ಕಣ್ಣು ಮುಚ್ಚಿದನೆಂದರೆ
ಬಿಡಿಸಿಕೊಳ್ಳಲು ಇಬ್ಬರು ಬೇಕು.

ಪೀಚ್ ಹೂ ಬಿಟ್ಟ ತಿಂಗಳು, ಸ್ಪರ್ಧೆಯ ದಿನ,
ಲಾರಿ ರಸ್ತೆಗೆಂದು ಇಳಿವಾಗ, ಹೊಳೆಯ ನಡುವೆ
ಮೇಷ್ಟ್ರ ಕುದುರೆ ಮುಗ್ಗರಿಸಿತು.
ಕುದುರೆ ಎದ್ದಿತು, ಮೇಷ್ಟ್ರು ಎದ್ದರು,
ಕವೆ ಏಳಲಿಲ್ಲ.

ವೇದಿಕೆಯ ಮೇಲೆ, ಅಭ್ಯಾಸಬಲ,
ಬರಿ ಮುಷ್ಟಿಯನ್ನೇ ಮಂಡಿಗೆ ಬಡಿದರು,
ಬರಿ ಮುಷ್ಟಿಯನ್ನೇ ಕಿವಿಗೆ ಹಿಡಿದರು.
ಯಾರೂ ನಗಲಿಲ್ಲ.
ಆಗ ಮುಂದಿನ ಸಾಲಿನ ಮೂಲೆಯಿಂದ,
ಹಲ್ಲಿಲ್ಲದ ಸಂದಿಯಿಂದ,
ಸಣ್ಣಗೆ ಬಂತು.
ಮೊಸಿಯುವಾ ಕಣ್ಣು ಮುಚ್ಚಿದ್ದ.

ಕೂದಲೆಳೆಯಷ್ಟು ಮೇಲಿತ್ತು, ನಿಜ.
ಹಾಡಿನ ಕೊನೆಯ ಎತ್ತರಕ್ಕೆ ಬಂದಾಗ
ಡಿಕೆಲೆಡಿ ತುದಿಗಾಲಲ್ಲಿ ನಿಂತಳು,
ದೊಡ್ಡ ಹುಡುಗರ ಕತ್ತಿನ ನರ ಹಗ್ಗವಾಯಿತು,
ಆದರೂ ಒಬ್ಬರೂ ಇಳಿಯಲಿಲ್ಲ.
ನಾಲ್ಕು ಶಾಲೆಗಳಲ್ಲಿ ನಮಗೆ ಮೂರನೆಯ ಸ್ಥಾನ.

ರಾತ್ರಿ ಲಾರಿಯಲ್ಲಿ
ಒಂದು ಕಂಬಳಿಗೆ ಐದು ಜನರಂತೆ ಮುದುರಿ,
ಗೆದ್ದವರಿಗಿಂತ ಜೋರಾಗಿ ಹಾಡಿದೆವು.
ಕಣಿವೆಯ ಇಳಿಜಾರು ಬರುತ್ತಲೇ ಇದ್ದಕ್ಕಿದ್ದಂತೆ
ಡ್ರೈವರ್ ಇಂಜಿನ್ ಆರಿಸಿದ.
ಏನಾಯಿತೆಂದು ಮೇಷ್ಟ್ರು ಇಣುಕಿದರೆ,
"ಏನಿಲ್ಲ, ಡೀಸೆಲ್ ಉಳಿಸುತ್ತಿದ್ದೇನೆ" ಅಂದ.

ಇಳಿಜಾರು ಮುಗಿಯಿತು, ಲಾರಿ ತಾನಾಗಿ ನಿಂತಿತು.
ನಮ್ಮ ಹಾಡು ಮುಗಿಯುವ ತನಕ
ಅವನು ಬೀಗದಕೈ ಮುಟ್ಟಲಿಲ್ಲ.