ಸುತ್ತಿನ ಸುದ್ದಿ

ಮತೋಸಿನ್ಯೊಶ್, ಮೀನುಬಂದರಿನ ಹಿಂದಿನ ಬೀದಿ.
ಮೂರನೆಯ ಮಹಡಿ, ಲಿಫ್ಟಿಲ್ಲ.
ಏದುಸಿರು ಬಿಡುತ್ತ ಹತ್ತಿದರೆ
ಬಾಗಿಲಲ್ಲೇ ಶುರು ಇದಲೀನಾಳ ದೂರು:
'ನೀರು ತುಂಬ್ಕೊಳ್ಳುತ್ತೆ, ಒಂದು ಗಳಿಗೆ ಸುಮ್ಮನಿರುತ್ತೆ,
ಆಮೇಲೆ ದೆವ್ವ ಮೆಟ್ಟಿದ ಹಾಗೆ ಗಿರ್ರನೆ ನಾಲ್ಕು ಸುತ್ತು,
ನಿಂತೇಬಿಡುತ್ತೆ. ಕೆಂಪು ದೀಪ ಮಾತ್ರ
ನನಗೆ ಕಣ್ಣು ಹೊಡೀತಾ ಇರುತ್ತೆ.
ಮೊದಲು ಬಂದವನು ಮೋಟರೇ ಹೋಗಿದೆ ಅಂದ.
ನೂರಾ ಎಂಬತ್ತು ಯೂರೋ ಅಂದ.'

ಹೋದ ಮೋಟರು ಗಿರ್ರನ್ನುತ್ತದೆಯೇ?

ಒಳಗೆ, ಸಾರ್ಡೀನ್ ಕಾರ್ಖಾನೆಯ ಬಿಳಿ ಮೇಲಂಗಿಗಳು
ಬಕೆಟ್ಟಿನಲ್ಲಿ ನೆನೆಯುತ್ತ
ತಮ್ಮ ಕಥೆಯನ್ನು ನೇರ ಮೂಗಿಗೇ ಹೇಳುತ್ತಿದ್ದವು.
ಕಿಟಕಿಯ ಬಳಿ ಅವಳ ಗಂಡ ಅದೆರೀತು,
ಬರಿಗಾಲು ಚಾಚಿ, ರೇಡಿಯೋದ ಫುಟ್‌ಬಾಲಿಗೆ ಕಿವಿಕೊಟ್ಟು.
ಮೂವತ್ತು ವರ್ಷ ಬಲೆ ಎಳೆದವನು,
ಈಗ ಸಕ್ಕರೆ ಅವನನ್ನು ಎಳೆಯುತ್ತಿದೆ.

ಪ್ಲಗ್ ಕಿತ್ತೆ. ಐದು ನಿಮಿಷ ಕಾದೆ.
ಕರೆಂಟಿಗೂ, ಹೊರಟ ಮೇಲೆ
ಹೊಸಿಲಲ್ಲಿ ನಿಂತು ಮಾತಾಡುವ ಚಾಳಿಯಿದೆ.
ಹಿಂದಿನ ತಗಡು ಬಿಚ್ಚಿ, ಬೆಲ್ಟು ಜಾರಿಸಿ,
ಮೋಟರನ್ನು ಹಳೆಯ ಪತ್ರಿಕೆಯ ಮೇಲೆ ಒರಗಿಸಿದೆ.

ಅದರ ಬಾಲಕ್ಕೊಂದು ಉಂಗುರ, ಅಯಸ್ಕಾಂತದ್ದು.
ಉಂಗುರಕ್ಕೆ ಕಿವಿಯಾನಿಸಿ ಕೂತ ಒಂದು ತಂತಿಸುರುಳಿ.
ಒಗೆಯುವುದು, ಹಿಂಡುವುದು ಇದರ ಕೆಲಸವಲ್ಲ.
ತಿರುಗಿದ್ದೇನೆ, ಇಷ್ಟು ತಿರುಗಿದ್ದೇನೆ ಅಂತ
ಮೇಲಿನ ಹಲಗೆಗೆ ಸುದ್ದಿ ಮುಟ್ಟಿಸುವುದು, ಅಷ್ಟೇ.
ಸುದ್ದಿ ಬಾರದಿದ್ದರೆ ಹಲಗೆಗೆ ದಿಗಿಲು:
ತಿರುಗುತ್ತಲೇ ಇಲ್ಲವೇನೋ ಎಂದು ಇನ್ನಷ್ಟು ಸುರಿಯುತ್ತದೆ,
ಸುರಿದು ಸುರಿದು, ಹೆದರಿ ಕೈಬಿಡುತ್ತದೆ.

ಸುರುಳಿಯ ಎರಡು ತುದಿಗೆ ಮೀಟರಿನ ಮೊನೆ:
ನೂರಾ ಎಪ್ಪತ್ತು ಓಮ್. ಬದುಕಿದೆ.
'ಗಾಲಿ ತಿರುಗಿಸಿ' ಎಂದೆ.
ತಿರುಗಿಸಿದಳು. 'ಈಗ?'
'ಬಂತು.'
ಮೇಲಂಗಿ ಹಿಂಡುವ ಮಣಿಕಟ್ಟು, ಜೋರಾಗಿ ತಿರುಗಿಸಿದಳು. 'ಈಗ?'
'ಬಂತು, ಬಂತು, ಸಾಕು.'
ಮೊನೆಯನ್ನು ತಂತಿಯ ಮೇಲ್ತುದಿಗೆ, ಹಲಗೆಯ ಬಾಯಿಗೆ ಒಯ್ದೆ.
'ಈಗ?'
ಸೊನ್ನೆ.
'ಈಗ?'
ಗಾಲಿ ತಿರುಗುತ್ತಲೇ ಇತ್ತು. ಸೊನ್ನೆ.

ಸಿಕ್ಕಿತು, ನಡುದಾರಿಯಲ್ಲಿ.
ತಗಡಿನ ಅಂಚಿಗೆ ಉಜ್ಜಿ ಸಿಪ್ಪೆ ಸುಲಿದ ಜಾಗ,
ಕಡಲಗಾಳಿ ತಿಂದ ತಾಮ್ರ, ಬೆರಳಿಗಂಟಿದ ಹಸಿರು ಪುಡಿ.
ಹೆಬ್ಬೆರಳಷ್ಟು ಕತ್ತರಿಸಿ, ಹೊಸ ತುಂಡು ಸೇರಿಸಿ,
ಬೆಸುಗೆಯ ಒಂದು ಹನಿ.

ಮುಚ್ಚುವಾಗ ಎಣಿಸಿದರೆ ಸ್ಕ್ರೂ ಐದೇ.
ಬಿಚ್ಚಿದ್ದು ಆರು.
ಪತ್ರಿಕೆ ಕೊಡವಿದೆ, ಬಕೆಟ್ಟು ಸರಿಸಿದಳು,
ಅದೆರೀತು ತಾನೂ ಎದ್ದು ಒಲೆಯ ಕೆಳಗೆ ಬಗ್ಗಿ ನೋಡಿದ,
ಮೇಜಿನ ಸುತ್ತ ಬಂದ, ಫ್ರಿಜ್ಜಿನ ಹತ್ತಿರ ನಿಂತ.
ಅವನು ನಡೆದಲ್ಲೆಲ್ಲ ಬಿಳಿ ಹಾಸಿನ ಮೇಲೆ
ಕೆಂಪು ಚುಕ್ಕಿ, ಚುಕ್ಕಿ, ಚುಕ್ಕಿ.

'ಕೂತ್ಕೋ' ಅಂದಳು.
ಹಿಮ್ಮಡಿಯಲ್ಲಿತ್ತು, ತಲೆಯವರೆಗೂ ಇಳಿದು.
'ನೋಯಲಿಲ್ವಾ?'
'ಏನು?'

ನನ್ನದೇ ಇಕ್ಕಳ ಕೊಟ್ಟೆ. ಕಿತ್ತಳು, ತೊಳೆದಳು, ಬೈಯಲಿಲ್ಲ.
ಹೆಬ್ಬೆರಳಿಂದ ಹಿಮ್ಮಡಿ ಒತ್ತಿದಳು. 'ಈಗ?'
'ಇಲ್ಲ.'
ಹರಡು. 'ಈಗ?'
'ಇಲ್ಲ.'
ರೇಡಿಯೋದಲ್ಲಿ ಯಾರೋ ಗೋಲು ಹೊಡೆದರು.
ಅವನು ತಿರುಗಿ ನೋಡಲಿಲ್ಲ.
ಮೊಣಕಾಲಿಗೆ ಇನ್ನು ನಾಲ್ಕು ಬೆರಳಿದೆ ಎನ್ನುವಲ್ಲಿ
'ಬಂತು' ಅಂದ, ನನ್ನದೇ ಮಾತನ್ನು ಹಿಡಿದು.
ತಂತಿಗೆ ಗುರುತು ಹಾಕುವ ನನ್ನ ಪೆನ್ನು ತಗೊಂಡು
ಅಲ್ಲೊಂದು ಗೆರೆ ಎಳೆದಳು.

ಆರನೆಯ ಸ್ಕ್ರೂ ಬಿಗಿದೆ. ಪ್ಲಗ್ ಹಾಕಿದೆ.
ನೀರು ತುಂಬಿತು; ಡ್ರಮ್ಮು ಮೆಲ್ಲಗೆ ಬಲಕ್ಕೆ ಹೊರಳಿ,
ನಿಂತು, ಎಡಕ್ಕೆ ಹೊರಳಿತು.
ಕಾಲಿಗೆ ಬಟ್ಟೆ ಸುತ್ತಿಸಿಕೊಂಡ ಅದೆರೀತು
ಮೆಷಿನ್ನಿನ ತಲೆಯ ಮೇಲೆ ಅಂಗೈಯಿಟ್ಟು
'ತಿರುಗ್ತಾ ಇದೆ' ಅಂದ.

ಇದಲೀನಾ ಹಜಾರದಲ್ಲಿದ್ದಳು, ಆಸ್ಪತ್ರೆಗೆ ಫೋನು ಹಚ್ಚಿ.
ಆ ಕಡೆಯವರು ಏನು ಹೇಳಿದರೋ.
'ಗುರುವಾರ ಅಲ್ಲ' ಅಂದಳು.
'ಈಗ.'