ನಲವತ್ತಮೂರು ಚಿಲ್ಲರೆ

ನಾಂಗ್ ಖಾಯ್ ಬಸ್ ನಿಲ್ದಾಣದೆದುರು
ಹಣ ಬದಲಿಸುವ ಗೂಡಂಗಡಿ ನನ್ನದು.
ಬೆಳಿಗ್ಗೆ ಫೋನು ಬಂದೊಡನೆ
ಪೌಂಡಿನ ಮುಂದಿನ ಅಂಕಿ ಕಿತ್ತು
ಬೇರೆಯದು ಸಿಕ್ಕಿಸುತ್ತೇನೆ.

ಯೂವರ್ಟ್ ಬಂದ ವರ್ಷ ಅಲ್ಲಿ ಎಪ್ಪತ್ತಿತ್ತು.
ಈಗ ನಲವತ್ತಮೂರು ಚಿಲ್ಲರೆ.
ಊರಲ್ಲಿ ರೈಲಿಗೆ ಸಿಗ್ನಲ್ ಕೊಡುತ್ತಿದ್ದನಂತೆ;
ಪಿಂಚಣಿಯ ದಿನ ಬಂದು
ಬೋರ್ಡಿನ ಮುಂದೆ ನಿಲ್ಲುತ್ತಾನೆ
ಹೊತ್ತು ಮೀರಿದ ಗಾಡಿ ಕಾಯುವವನಂತೆ.

ಮೊದಲು ಚೀಸ್ ಬಿಟ್ಟ. ಆಮೇಲೆ ಏಸಿ.
ದೊಡ್ಡ ಬಿಯರ್ ಚಿಕ್ಕದಾಯಿತು.
ಹೆಂಡತಿ ಲಮ್‌ಡುವಾನ್ ಹಿತ್ತಲಲ್ಲಿ ಕೋಳಿ ಸಾಕಿ
ಮೊಟ್ಟೆ ನನಗೇ ಮಾರುತ್ತಾಳೆ, ಒಂದು ಬಾತ್ ಹೆಚ್ಚಿಗೆ.
ನಾನು ಚೌಕಾಸಿ ಮಾಡುವುದಿಲ್ಲ.

ನಿನ್ನೆ, ಹಳೇ ಕೋಟಿನ ಒಳಜೇಬಲ್ಲಿ ಸಿಕ್ಕಿತೆಂದು
ಇಪ್ಪತ್ತು ಪೌಂಡಿನ ನೋಟು ತಂದ.
ಕಾಗದದ್ದು. ಅವರೂರಲ್ಲೇ ಚಲಾವಣೆ ನಿಂತು ವರ್ಷಗಳಾದವು.
"ಇದು ನಡೆಯೋಲ್ಲ" ಅಂದೆ.
ಬೆಳಕಿಗೆ ಹಿಡಿದು ನೋಡಿದ, ಒಳಗೆ ರಾಣಿ ಹಾಗೇ ಇದ್ದಳು.
"ಹಾಗಾದರೆ ಇನ್ನು ಇಳಿಯೋದೂ ಇಲ್ಲ"
ಎಂದು ನಾಲ್ಕಾಗಿ ಮಡಿಚಿಟ್ಟುಕೊಂಡು,
ಟುಕ್‌ಟುಕ್ಕಿನವನಿಗೆ ಬೇಡವೆಂದು ಕೈಯಾಡಿಸಿ
ಬಿಸಿಲಲ್ಲಿ ನಡೆದೇ ಹೋದ.

ಈ ಸೆಕೆಯ ಊರಿಗೆ ಕೋಟು ಯಾಕೆ ತಂದಿದ್ದನೋ,
ಕೇಳಬೇಕಿತ್ತು.